ತಿಪ್ಪೇಶಿಯನ್ನು ಅಟ್ಟಕ್ಕೇರಿಸಿದ್ದು

ನನ್ನ ಹೋಟೆಲಿನ ಬೋರ್ಡಿನ ಮೇಲೆ ‘ಹಳಸಲು ಭವನ’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಅದರ ಕೆಳಗೆ ಚಿಕ್ಕದಾಗಿ ‘ಇಲ್ಲಿ ಕಲ್ಲಿನಂಥ ಇಡ್ಲಿ, ಕೊಚ್ಚೆಯಂಥ ಸಾಂಬಾರು ದೊರೆಯುತ್ತದೆ’ ಎಂದಿದೆ. ಫುಟ್‌ಬಾಲ್ ಮೈದಾನದ ಗೇಟಿಗೆ ನೇರ ಎದುರು. ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಜನ ಬಂದು ಜಗಲಿಯ ಮೇಲೆ ಕೂತಿರುತ್ತಾರೆ. ಮೊದಲ ತುತ್ತು ಬಾಯಿಗಿಟ್ಟ ತಕ್ಷಣ ‘ಥೂ, ಇದನ್ನ ಮನುಷ್ಯರು ತಿಂತಾರೇನೇ ಹುಚ್ಚಕ್ಕ? ಗೋಡೆಗೆ ಬಳಿಯೋ ಸುಣ್ಣ ಉಳಿದಿತ್ತಾ?’ ಎಂದು ಒಬ್ಬ, ‘ಈ ಸಾಂಬಾರಲ್ಲಿ ಎಮ್ಮೆ ತೊಳೆದಿದ್ದೀಯಾ?’ ಎಂದು ಇನ್ನೊಬ್ಬ. ಹಾಗೆ ಬೈಯುತ್ತಲೇ ಎರಡನೆಯ ಪ್ಲೇಟಿಗೆ ಕೈ ಚಾಚುತ್ತಾರೆ. ನಾನು ‘ತಿಂದು ಸಾಯಿ’ ಎಂದು ಬಡಿಸುತ್ತೇನೆ. ಹೀಗೆ ವ್ಯಾಪಾರ ಸುಖವಾಗಿ ನಡೆಯುತ್ತದೆ.

ಪಕ್ಕದಲ್ಲೇ ನಿಂಗಮ್ಮನ ದೋಸೆ ಅಂಗಡಿ ಇತ್ತು. ಪರವೂರಿನ ಒಬ್ಬ ಲಾರಿ ಡ್ರೈವರ್, ಬಂದವನು ಬಂದ ಹಾಗೆ ಹೋಗಬಾರದೆ, ದೋಸೆ ತಿಂದು ಬೆರಳು ಚೀಪಿ ‘ಆಹಾ, ಇಂಥ ದೋಸೆ ನಾನು ಎಲ್ಲೂ ತಿಂದಿಲ್ಲ ಕಣಮ್ಮ’ ಎಂದುಬಿಟ್ಟ. ಮನಸಾರೆ ಅಂದ, ಪಾಪಿ. ಮಾರನೆಯ ದಿನದಿಂದ ನಿಂಗಮ್ಮನ ಹೆಂಚಿನಿಂದ ಒಂದು ದೋಸೆಯೂ ಎದ್ದು ಬರಲಿಲ್ಲ. ಹೆಂಚು ಬದಲಾಯಿಸಿದಳು, ಅಕ್ಕಿ ಬದಲಾಯಿಸಿದಳು, ಕೊನೆಗೆ ಊರನ್ನೇ ಬದಲಾಯಿಸಿದಳು. ಈಗ ಅಲ್ಲಿ ಪಂಕ್ಚರ್ ಅಂಗಡಿ ಇದೆ. ಪಂಕ್ಚರ್ ಹಾಕುವವನನ್ನು ಹೊಗಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲವಾದ್ದರಿಂದ ಅವನು ನಿಶ್ಚಿಂತೆಯಾಗಿದ್ದಾನೆ.

ಹೊಗಳಿದ್ದು ಹೋಗುತ್ತದೆ. ನಮ್ಮೂರಿನ ಮಕ್ಕಳು ಅಪ್ಪ ಅಮ್ಮ ಅನ್ನುವುದರ ಜೊತೆಗೇ ಇದನ್ನೂ ಕಲಿಯುತ್ತವೆ. ಮನಸ್ಸಿನಲ್ಲೇ ಮೆಚ್ಚಿಕೊಂಡರೆ ಏನೂ ಆಗದು. ಬಾಯಿಗೆ ಬಂತೋ, ಮುಗಿಯಿತು. ಆದ್ದರಿಂದ ನಮ್ಮಲ್ಲಿ ಸುಂದರ ಎಂಬ ಗಂಡಸಿಲ್ಲ, ಚೆಲುವಿ ಎಂಬ ಹೆಂಗಸಿಲ್ಲ. ತಿಪ್ಪಯ್ಯ, ಕಲ್ಲಿ, ಕಸವ್ವ, ಗುಂಡ, ಕಾಡಪ್ಪ, ಇಷ್ಟರಲ್ಲೇ ಸುಧಾರಿಸುತ್ತೇವೆ. ನಾನು ಹುಚ್ಚಮ್ಮ. ಹೆಣ್ಣು ನೋಡಲು ಬಂದವರು ‘ಹುಡುಗಿ ಮುಖ ನೋಡೋಕಾಗಲ್ಲ, ಲಗ್ನ ಯಾವಾಗ ಇಟ್ಕೊಳ್ಳೋಣ?’ ಎನ್ನುತ್ತಾರೆ. ನಮ್ಮ ಡಾಕ್ಟರು ಕಾಡಪ್ಪನವರು ಗಟ್ಟಿಮುಟ್ಟಾದವನ ನಾಡಿ ಹಿಡಿದು ‘ಇನ್ನೂ ಸತ್ತಿಲ್ವಲ್ಲಯ್ಯಾ’ ಎಂದು ಮುಖ ಕಿವುಚಿ ಕಳಿಸುತ್ತಾರೆ. ಸುಳ್ಳು ಹೊಗಳಿಕೆ ಮಾತ್ರ ಯಾರಿಗೂ ನಾಟುವುದಿಲ್ಲ. ಅದಕ್ಕೇ ನಮ್ಮ ಪುರಸಭೆಯ ಅಧ್ಯಕ್ಷರು ದಿನಬೆಳಗಾದರೆ ಸನ್ಮಾನ ಮಾಡಿಸಿಕೊಂಡೂ ಗುಂಡುಕಲ್ಲಿನ ಹಾಗಿದ್ದಾರೆ.

ಇಂಥ ಊರಿನಲ್ಲಿ ತಿಪ್ಪೇಶಿ ಫುಟ್‌ಬಾಲ್ ಆಡಿದ. ಆಡಿದ ಎಂದಷ್ಟೇ ಸದ್ಯಕ್ಕೆ ಹೇಳುತ್ತೇನೆ. ಎಡಗಾಲಿನವನು, ಗೋಲು ಹೊಡೆಯುವವನು. ಚಿಕ್ಕವನಿದ್ದಾಗ ನನ್ನ ಬೋರ್ಡಿಗೇ ಚೆಂಡು ಹೊಡೆದೂ ಹೊಡೆದೂ ಅದರ ಬಣ್ಣ ಕಿತ್ತುಹಾಕಿದ್ದ. ಸೌಟು ಹಿಡಿದು ಅಟ್ಟಿಸಿಕೊಂಡು ಹೋಗಿ ಎರಡು ಬಿಟ್ಟು, ಆಮೇಲೆ ಕರೆದು ಇಡ್ಲಿ ಕೊಟ್ಟೆ. ಅವನು ತಿಂದು ‘ಅಕ್ಕ, ನಿನ್ನ ಇಡ್ಲಿಗಿಂತ ಸೌಟಿನ ಏಟೇ ಮೆತ್ತಗಿತ್ತು’ ಎಂದ. ಆ ಮಾತಿಗೆ ಇನ್ನೆರಡು ಇಡ್ಲಿ ಹಾಕಿದೆ. ಅವತ್ತಿನಿಂದ ಯಾವ ಪಂದ್ಯವೇ ಇರಲಿ, ನನ್ನಲ್ಲಿ ತಿಂದು, ಬೈದು, ಆಮೇಲೇ ಮೈದಾನಕ್ಕೆ ಇಳಿಯುತ್ತಿದ್ದ.

ಅವನ ಅಭಿಮಾನಿಗಳದ್ದೊಂದು ಸಂಘವಿದೆ, ಹಿಡಿಶಾಪ ಸಂಘ ಅಂತ. ಹಿಟ್ಟಿನ ಗಿರಣಿಯ ಗುಂಡಯ್ಯ ಕಾರ್ಯದರ್ಶಿ, ನಾನು ಅಧ್ಯಕ್ಷೆ. ಓದುಬರಹಕ್ಕೆ ಕೊಟ್ಟ ಹುದ್ದೆಯಲ್ಲ, ಗಂಟಲಿಗೆ ಕೊಟ್ಟದ್ದು. ನಾನು ಗ್ಯಾಲರಿಯ ಮೇಲೆ ನಿಂತು ‘ಲೇ ತಿಪ್ಪಾ, ನಿನ್ನ ಕಾಲಿಗೆ ಗೆದ್ದಲು ಹತ್ತ!’ ಎಂದು ಎತ್ತಿಕೊಟ್ಟರೆ ಹಿಂದಿನಿಂದ ಇಡೀ ಊರು ‘ಹತ್ತ! ಹತ್ತ!’ ಎಂದು ಕೂಗುವುದು. ಅವನು ಗೋಲು ಹೊಡೆದರೆ ದೊಡ್ಡ ದೊಡ್ಡ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ‘ಇವನ ಮನೆ ಹಾಳಾಗ! ಇವನ ವಂಶ ನಿರ್ವಂಶವಾಗ!’ ಎಂದು ಅಳುತ್ತಿದ್ದರು. ಒಂದು ದಿನ ನನಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಅರ್ಧ ಆಟಕ್ಕೆ ಬಿಡುವು ಸಿಕ್ಕಿದ್ದೇ ಅವನು ಗೆರೆಯ ಹತ್ತಿರ ಓಡಿ ಬಂದು, ಮುಖ ಸಣ್ಣದು ಮಾಡಿಕೊಂಡು, ‘ಯಾಕಕ್ಕ, ಇವತ್ತು ಒಂದು ಮಾತೂ ಬೈಲಿಲ್ಲ? ನಾನೇನು ತಪ್ಪು ಮಾಡ್ದೆ?’ ಎಂದು ಕೇಳಿದ.

ಎದುರು ತಂಡದವರನ್ನು ಹೊಗಳುವ ಉಪಾಯವೂ ನಮಗೆ ಹೊಳೆಯದೆ ಇರಲಿಲ್ಲ. ಗುಂಡಯ್ಯ ಪ್ರತಿ ಪಂದ್ಯದಲ್ಲೂ ಎದ್ದು ನಿಂತು ಅವರ ಗೋಲ್‌ಕೀಪರನನ್ನು ‘ಅಹಾ ವೀರ, ಅಹಾ ಶೂರ’ ಎಂದು ಹೊಗಳಿ ಹೊಗಳಿ ಸುಸ್ತಾಗುತ್ತಿದ್ದ. ಏನೂ ಆಗುತ್ತಿರಲಿಲ್ಲ. ಎದುರಾಳಿಯನ್ನು ಮನಸಾರೆ ಹೊಗಳುವ ಅಭಿಮಾನಿ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಒಂದೇ ಒಂದು ಸಲ, ಹಾರಿ ಚೆಂಡು ಹಿಡಿದ ಒಬ್ಬ ಹುಡುಗನನ್ನು ನೋಡಿ ಗುಂಡಯ್ಯನ ಬಾಯಿತಪ್ಪಿ ‘ಏನು ಹಿಡಿದ್ನಪ್ಪಾ!’ ಎಂದು ಬಂದುಬಿಟ್ಟಿತು. ಆ ಹುಡುಗ ಪಂದ್ಯ ಮುಗಿದ ಮೇಲೆ ನನ್ನಲ್ಲಿ ನೀರು ಕೇಳಿದ. ಲೋಟ ಅವನ ಕೈಯಲ್ಲಿ ನಿಲ್ಲಲಿಲ್ಲ. ಗುಂಡಯ್ಯ ಆ ದಿನ ಊಟ ಮಾಡಲಿಲ್ಲ.

ವರ್ಷಗಳು ಹೋದವು. ತಿಪ್ಪೇಶಿಯ ಕಿವಿಯ ಪಕ್ಕ ಬೆಳ್ಳಗಾಯಿತು, ಬಲಮಂಡಿ ನಡೆಯುವಾಗ ಕಟಕಟ ಅನ್ನತೊಡಗಿತು. ಮೈದಾನದ ಮೂಲೆಯಲ್ಲಿ ಏಣಿ ಹತ್ತಿ ಹೋಗುವ ಒಂದು ಮರದ ಗೂಡಿದೆ. ಊರಿನ ರೇಡಿಯೋದವರು ಅಲ್ಲಿಂದ ಕಾಮೆಂಟರಿ ಕೊಡುವುದು. ಮೊದಲು ಕಾಮೆಂಟರಿ ಹೇಳುತ್ತಿದ್ದವನ ಕಂಠವನ್ನು ಅವನ ಹೊಸ ಹೆಂಡತಿ ಪ್ರೀತಿ ಉಕ್ಕಿ ಹೊಗಳಿದ್ದರಿಂದ ಅವನು ಈಗ ಕೈಸನ್ನೆಯಲ್ಲಿ ಸಂಸಾರ ಮಾಡುತ್ತಿದ್ದಾನೆ. ಖಾಲಿ ಇದ್ದ ಆ ಗೂಡಿಗೆ ತಿಪ್ಪೇಶಿ ಹತ್ತಿದ. ‘ಶ್ರೋತೃಗಳೇ, ಮುಠ್ಠಾಳ ಬೋಡ ಆ ಕಡೆಯಿಂದ ಎದ್ದೂ ಬಿದ್ದೂ ಬರ್ತಿದ್ದಾನೆ. ಚೆಂಡು ಅವನ ಹತ್ರ ಇದೆ, ಯಾಕಿದೆ ಅಂತ ಅವನಿಗೇ ಗೊತ್ತಿಲ್ಲ. ಅಯ್ಯೋ, ಸೋಂಬೇರಿ ಸಂತ್ಯಾಗೆ ಕೊಟ್ಟ. ಅವನು ಈಗಷ್ಟೇ ನಿದ್ದೆಯಿಂದ ಎದ್ದ, ಹೊಡೆದ, ದರಿದ್ರದವನು ಗೋಲು ಮಾಡೇ ಬಿಟ್ಟ, ಹಾಳಾಗಿ ಹೋಗ್ಲಿ!’ ರೇಡಿಯೋ ಕೇಳುತ್ತಿದ್ದ ಕುರುಡ ಮುದುಕರು ಕೂಡ ಎದ್ದು ನಿಂತರಂತೆ. ಆ ಧ್ವನಿಯ ಬಗ್ಗೆ ನಾನು ಹೆಚ್ಚಿಗೆ ಹೇಳುವುದಿಲ್ಲ. ಕಾಗೆ. ಒಡಕು ಕೊಡ. ಅಷ್ಟೇ.

ಕಷ್ಟ ಎಲ್ಲಿ ಬಂತೆಂದರೆ, ನಮ್ಮ ತಂಡ ಸೋಲುವ ಹಾಗೆ ಕಂಡ ಕೂಡಲೇ ಗ್ಯಾಲರಿ ಮೈದಾನಕ್ಕೆ ಬೆನ್ನು ಮಾಡಿ ಗೂಡಿನ ಕಡೆ ತಿರುಗುತ್ತಿತ್ತು. ‘ಇಳಿಯೋ ಕತ್ತೆ! ಇಳಿಯೋ!’ ಅಷ್ಟು ಜನ ಅಷ್ಟು ಪ್ರೀತಿಯಿಂದ ಬೈದರೆ ಯಾವನಿಗೆ ತಡೆದುಕೊಳ್ಳಲಾಗುತ್ತದೆ? ಅವನು ಮೈಕು ಕೆಳಗಿಟ್ಟು, ಏಣಿ ಇಳಿದು, ಕುಂಟಿಕೊಂಡು ಬಂದು ಗೋಲು ಹೊಡೆದು, ಮತ್ತೆ ಹತ್ತುತ್ತಿದ್ದ. ಮಾರನೆಯ ದಿನ ಡಾಕ್ಟರ ಮನೆಯ ಬಾಗಿಲಲ್ಲಿ ಕೂತಿರುತ್ತಿದ್ದ.

ಕೆಲಸದಿಂದ ಬಿಡುಗಡೆ ಬೇಕಾದವರನ್ನು ನಮ್ಮಲ್ಲಿ ಅಟ್ಟಕ್ಕೇರಿಸುತ್ತೇವೆ. ಹಲಗೆ ಜೋಡಿಸಿ ಎತ್ತರದ ಅಟ್ಟ ಕಟ್ಟಿ, ಅದರ ಮೇಲೆ ಕೂರಿಸಿ, ಅವರ ಕಸುಬನ್ನು ಒಮ್ಮೆ ಬಾಯ್ತುಂಬ ಹೊಗಳಿ ಇಳಿಸುವುದು. ಅಂಚೆಯ ಕಾಳಯ್ಯನನ್ನು ಹಾಗೆ ಇಳಿಸಿದ ದಿನ ಅವನಿಗೆ ತನ್ನ ಮನೆಯೇ ಸಿಗಲಿಲ್ಲ. ಆದರೆ ಎಂಥ ನೆಮ್ಮದಿ! ಯಾರೂ ‘ಕಾಳಯ್ಯ, ಇದೊಂದು ಕಾಗದ ಕೊಟ್ಟು ಬಾ’ ಅನ್ನುವಂತಿರಲಿಲ್ಲ. ಅಟ್ಟಕ್ಕೇರದ ಹೊರತು ನಮ್ಮೂರು ಯಾರನ್ನೂ ಬಿಡುವುದಿಲ್ಲ. ತಿಪ್ಪೇಶಿ ಸಂಘಕ್ಕೆ ಬಂದು ಕೈಮುಗಿದು ಅದನ್ನೇ ಕೇಳಿದ.

‘ನಿನ್ನ ಕಾಲನ್ನ ನಾವು ಹೊಗಳ್ಬೇಕಾ?’ ಎಂದ ಗುಂಡಯ್ಯ. ‘ನಿನ್ನನ್ನ ಎತ್ತಿ ಆಡಿಸಿದೋರು ಕಣೋ ನಾವು. ಅಷ್ಟು ಕಟುಕರಾ?’

‘ಮಂಡಿ ಹೋಗ್ತಿದೆ ಗುಂಡಯ್ಯಮಾಮ.’

‘ಮಂಡಿ ಹೋದ್ರೆ ಹೋಗ್ಲಿ ಬಿಡೋ, ಕಾಲಿಗೆ ಏನೂ ಆಗಬಾರದು!’ ಎಂದು ಸಂಘದವರೆಲ್ಲ ಒಟ್ಟಿಗೆ ಅತ್ತರು. ಅಭಿಮಾನ ಅಂದರೆ ಅದು. ಅವನು ಕುಂಟುತ್ತಾ ಹೋದ.

ನಮ್ಮನ್ನು ನೆಚ್ಚಿ ಫಲವಿಲ್ಲವೆಂದು ಅವನು ಪರವೂರಿನಿಂದ ಒಬ್ಬ ಹೊಗಳುಭಟನನ್ನು ಕರೆಸಿಕೊಂಡ. ರಂಗರಾಯ ಅಂತ, ನಮ್ಮ ಪುರಸಭೆಯ ಅಧ್ಯಕ್ಷರನ್ನು ಕಾಯಂ ಹೊಗಳುವವನು. ಜರಿಪೇಟ ಸುತ್ತಿಕೊಂಡು ಬಂದು, ಮೈದಾನದಲ್ಲಿ ಅಟ್ಟ ಕಟ್ಟಿಸಿ ತಿಪ್ಪೇಶಿಯನ್ನು ಕೂರಿಸಿ, ಅವನ ಎಡಗಾಲನ್ನು ವಾಮಚರಣಾರವಿಂದ ಎಂದು ಶುರುಮಾಡಿ, ಐರಾವತ, ಸುದರ್ಶನಚಕ್ರ, ಸಿಡಿಲು, ಸಮುದ್ರ ಎಲ್ಲವನ್ನೂ ಆ ಒಂದು ಕಾಲಿಗೆ ಕಟ್ಟಿ, ಬಿಸಿಲು ಇಳಿಯುವ ತನಕ ಮಾತಾಡಿದ. ಆಮೇಲೆ ತಿಪ್ಪೇಶಿ ಅಟ್ಟದಿಂದ ಇಳಿದು ಚೆಂಡು ಒದ್ದು ನೋಡಿದ. ಚೆಂಡು ಸೊಯ್ಯನೆ ಹೋಗಿ ಗೋಲಿನ ಮೂಲೆಯಲ್ಲಿ ಕೂತಿತು. ಗ್ಯಾಲರಿಯಲ್ಲಿ ಕುಣಿದಾಟ. ‘ನಾಟಲಿಲ್ಲ! ಹೊಟ್ಟೆಪಾಡಿನ ಮಾತು ನಾಟುತ್ತೇನೋ!’ ಎಂದು ಗುಂಡಯ್ಯ ಸಿಳ್ಳೆ ಹೊಡೆದ. ತಿಪ್ಪೇಶಿ ಮಾತ್ರ ಆ ಚೆಂಡನ್ನು, ಬಾಗಿಲಿಗೆ ಬಂದ ಸಾಲಗಾರನನ್ನು ನೋಡುವ ಹಾಗೆ ನೋಡುತ್ತ ನಿಂತಿದ್ದ.

ಮಾರನೆಯ ಮಧ್ಯಾಹ್ನ ನಾನು ಒರಳಿನ ಮುಂದೆ ಕೂತು ಉದ್ದು ರುಬ್ಬುತ್ತಿದ್ದೆ. ಅವನು ಹಿಂಬಾಗಿಲಿನಿಂದ ಬಂದು, ಮಡಚಲಾಗದ ಕಾಲನ್ನು ನೀಡಿಕೊಂಡು ಎದುರಿಗೆ ಕೂತು, ನನ್ನ ಕೈಯಿಂದ ಗುಂಡು ಕಸಿದುಕೊಂಡು ತಾನೇ ತಿರುಗಿಸತೊಡಗಿದ.

‘ಅಕ್ಕ, ನೀನು ಹೇಳು.’

‘ಏನು ಹೇಳ್ಲಿ?’

‘ಗೊತ್ತಿಲ್ದೋರ ಹಾಗೆ ಆಡಬೇಡ. ನನ್ನ ಕಾಲಿಗೆ ಒಂದು ಮಾತು. ನಿನ್ನ ಬಾಯಿಂದ ಬಂದ್ರೆ ನಾಟುತ್ತೆ.’

‘ನನ್ನ ಬಾಯಿ ಇರೋದು ಬೈಯೋಕೆ.’

‘ನನಗೆ ಆ ಗೂಡು ಬೇಕು ಅಕ್ಕ,’ ಎಂದ. ‘ಮೇಲೆ ಕೂತು ಆಟ ಹೇಳೋದಿದ್ಯಲ್ಲ, ಆಡೋದಕ್ಕಿಂತ ಅದೇ ಹಿಡಿಸಿಬಿಟ್ಟಿದೆ. ಆದ್ರೆ ನೀವು ಕರೆದ್ರೆ ಈ ಹಾಳು ಕಾಲು ನನ್ನ ಮಾತು ಕೇಳಲ್ಲ. ನಾನು ಬೇಡ ಅಂದ್ರೂ ಏಣಿ ಇಳಿದುಬಿಡುತ್ತೆ.’

‘ಗಟ್ಟಿ ಮನಸ್ಸು ಮಾಡಿ ಕೂತ್ಕೋ. ಇಳೀಬೇಡ.’

‘ನಾಳೆಯಿಂದ ಒಲೆ ಹಚ್ಚಬೇಡ ಅಂದ್ರೆ ನೀನು ಸುಮ್ನಿರ್ತೀಯಾ? ನಿನ್ನ ಮಣಿಕಟ್ಟು ನೋಡ್ಕೋ, ಹೇಗೆ ಊದಿದೆ. ನಿನ್ನನ್ನೂ ಯಾರೂ ಬಿಡ್ತಿಲ್ಲ.’

‘ನನ್ನ ಸುದ್ದಿ ಎತ್ತಬೇಡ! ಎದ್ದು ಹೋಗೋ ಪೀಡೆ!’ ಎಂದು ಗುಂಡು ಕಿತ್ತುಕೊಂಡೆ. ಅವನು ಗೋಡೆ ಹಿಡಿದು ಎದ್ದು ಹೋದ. ಅವನು ರುಬ್ಬಿದ್ದ ಹಿಟ್ಟು ತರಿತರಿಯಾಗಿತ್ತು.

ಸೆಮಿಫೈನಲ್ ಬಂತು. ಎದುರಿನವರು ಒಂದು ಗೋಲು ಮುಂದಿದ್ದರು. ಗ್ಯಾಲರಿ ಗೂಡಿನ ಕಡೆ ತಿರುಗಿ ಕೂಗಿತು. ನಾನೂ ಕೂಗಿದೆ, ಕೂಗುವವರ ನಡುವೆ ಬಾಯಿ ಮುಚ್ಚಿ ಕೂರುವ ಜಾಯಮಾನ ನನ್ನದಲ್ಲ. ಅವನು ಇಳಿದು ಬಂದ. ಒಂದು ಗೋಲು ಹೊಡೆದ, ಇನ್ನೊಂದು ಹೊಡೆದ, ಹೊಡೆದವನು ಹಾಗೇ ಕುಸಿದು ಕೂತ. ನಾವೆಲ್ಲ ನುಗ್ಗಿ ಹೋಗಿ ಅವನನ್ನು ಹೆಗಲ ಮೇಲೆ ಎತ್ತಿ ಕುಣಿಸಿದೆವು. ಅವನು ನೋವಿಗೆ ಕಿರುಚಿಕೊಂಡ. ಅದನ್ನು ಗೆಲುವಿನ ಕೇಕೆ ಅಂದುಕೊಂಡು ನಮ್ಮವರು ಇನ್ನಷ್ಟು ಎತ್ತರಕ್ಕೆ ಹಾರಿಸಿ ಹಿಡಿದರು. ನಾನು ಹತ್ತಿರ ಹೋದಾಗ ಅವನ ಮುಖ ಕಂಡಿತು. ಕೆಳತುಟಿ ಕಚ್ಚಿ ರಕ್ತ ಬಂದಿತ್ತು. 

‘ಇನ್ನೊಂದು ಸಲ ಇವನು ಚೆಂಡು ಒದ್ದರೆ ಆ ಮಂಡಿ ಮುಗೀತು,’ ಎಂದರು ಕಾಡಪ್ಪನವರು, ನೆತ್ತರುಗಟ್ಟಿದ ಮಂಡಿಗೆ ಪಟ್ಟಿ ಸುತ್ತುತ್ತಾ. ‘ಏಣಿಯಿರಲಿ, ಬಚ್ಚಲಿಗೂ ಇಬ್ಬರು ಹೊತ್ಕೊಂಡು ಹೋಗ್ಬೇಕು.’

‘ಫೈನಲ್‌ಗೆ ಇನ್ನೂ ಒಂದು ವಾರ ಟೈಮಿದೆಯಲ್ಲ ಡಾಕ್ಟ್ರೇ,’ ಎಂದ ಗುಂಡಯ್ಯ, ಬಹಳ ಕಾಳಜಿಯಿಂದ.

ಆಗ ನಿರ್ಧಾರ ಮಾಡಿದೆ. ಮಾಡಿದ್ದೇನೋ ಸರಿ, ಹೊಗಳುವುದು ಹೇಗೆ? ಹುಟ್ಟಿದಾರಭ್ಯ ನನ್ನ ನಾಲಿಗೆ ಆ ಕಡೆ ಹೊರಳಿಲ್ಲ. ಯಾರಿಗೂ ಬೇಡವಾದ ಒಂದು ತೂತುಬಿದ್ದ ಲೋಟವನ್ನು ಎದುರಿಗಿಟ್ಟುಕೊಂಡು ಅಭ್ಯಾಸಕ್ಕೆ ಕೂತೆ. ‘ಲೋಟವೇ, ನೀನು ಬಹಳ…’ ಎಂದೆ. ‘ಬಹಳ ದರಿದ್ರ’ ಎಂದು ಬಂತು. ಮತ್ತೆ ಹೇಳಿದೆ, ‘ಬಹಳ ಶನಿ’ ಎಂದು ಬಂತು. ಅದೂ ಸಾಲದೆಂದು ಲೆಕ್ಕ ಬೇರೆ ಹಾಕಬೇಕಿತ್ತು. ಅವನ ಕಾಲನ್ನು ಹೊಗಳಿದರೆ ನಡಿಗೆಯೇ ಹೋದೀತು. ಆಟದ ತಿಳಿವಳಿಕೆಯನ್ನು ಹೊಗಳಿದರೆ ಗೂಡಿನಲ್ಲಿ ಕೂತು ಹೇಳುವುದೇನನ್ನು? ಕಂಠದ ಸುದ್ದಿಗಂತೂ ಹೋಗುವಂತೆಯೇ ಇಲ್ಲ. ಆ ಎಡಗಾಲು ಚೆಂಡಿಗೆ ತಾಗುವುದಿದೆಯಲ್ಲ, ಅದೊಂದನ್ನೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯಬೇಕು. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಅನ್ನುತ್ತಾರೆ. ನನ್ನೆದುರಿಗೆ ಎರಡೂ ಇದ್ದವು.

ಫೈನಲ್ ದಿನ, ಆಟ ಶುರುವಾಗುವ ಮೊದಲು, ತಿಪ್ಪೇಶಿಗೆ ಸಾಮೂಹಿಕ ಹಿಡಿಶಾಪ ಇದೆ ಎಂದು ಸಂಘದ ಅಧ್ಯಕ್ಷೆಯಾಗಿ ಸಾರಿಸಿದೆ. ರಂಗರಾಯ ಬಂದಾಗ ಕಟ್ಟಿದ್ದ ಅಟ್ಟ ಇನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಅವನನ್ನು ಕೂರಿಸಿದರು. ಊರಿಗೆ ಊರೇ ಬಂದಿತ್ತು. ನಾನು ಮೈಕು ಹಿಡಿದು ಶುರುಮಾಡಿದೆ. ‘ಲೇ ತಿಪ್ಪಾ! ಕೋಣ! ದಂಡಪಿಂಡ! ಭೂಮಿಗೆ ಭಾರ, ಅನ್ನಕ್ಕೆ ದಂಡ!’ ಜನ ಉಬ್ಬಿಹೋದರು. ಗುಂಡಯ್ಯ ಎದೆ ಎದೆ ಬಡಿದುಕೊಂಡು ನಗುತ್ತಿದ್ದ. ತಿಪ್ಪೇಶಿಯೂ ನಗುತ್ತಿದ್ದ, ಕಣ್ಣುಗಳು ಮಾತ್ರ ನನ್ನನ್ನೇ ನೋಡುತ್ತಿದ್ದವು.

‘ಒಂದು ಸಲ ಮಳೆ ಬಂದು ಮೈದಾನ ಕೆಸರಾಗಿತ್ತು, ನೆನಪಿದ್ಯೇನೋ?’ ಎಂದೆ. ‘ಚೆಂಡು ಗೋಲಿನ ಮುಂದೆ ಕೆಸರಲ್ಲಿ ಹೂತು ಕೂತಿತ್ತು. ಬಂದೋರೆಲ್ಲ ಒದ್ದರು, ಒದ್ದೋರೆಲ್ಲ ಜಾರಿ ಬಿದ್ದರು. ನೀನು ಬಂದೆ. ನೀನು ಒದೀಲಿಲ್ಲ.’

ಗುಂಡಯ್ಯನ ನಗು ನಿಂತಿತು.

‘ಬಿಸಿ ಇಡ್ಲೀನ ಬಟ್ಟೆಯಿಂದ ಎಬ್ಬಿಸ್ತಾರಲ್ಲ, ಹಾಗೆ ಎಡಗಾಲು ಅಡಿಗೆ ಹಾಕಿ, ಚೆಂಡಿಗೆ ನೋವಾಗದ ಹಾಗೆ ಎಬ್ಬಿಸಿದೆ. ಅದು ಒಂದು ಹನಿ ಕೆಸರು ಸಿಡಿಸದೆ ಹೋಗಿ ಒಳಗೆ ಬಿತ್ತು. ಆಯುಸ್ಸೆಲ್ಲ ಇಡ್ಲಿ ಎಬ್ಬಿಸಿದ ನನ್ನ ಕೈಗೂ ಆ ನಯ ಬಂದಿಲ್ಲ ಕಣೋ.’ ನಾನು ಮೈಕಿಗೆ ಇನ್ನೂ ಹತ್ತಿರ ಬಾಗಿದೆ. ‘ಹುಚ್ಚಕ್ಕಾ, ಬೇಡ!’ ಎಂದು ಗುಂಡಯ್ಯ ಮೈಕಿನ ತಂತಿ ಕೀಳಲು ಓಡಿದ. ತಂತಿ ಯಾರಿಗೆ ಬೇಕು? ಮೈಕು ಬಿಸಾಡಿ ನನ್ನ ಗಂಟಲಲ್ಲೇ ಕೂಗಿದೆ. ‘ನಿನ್ನ ಎಡಗಾಲು ಚೆಂಡಿಗೆ ತಾಗಿದ ಹಾಗೆ ಈ ಊರಲ್ಲಿ ಯಾರ ಕಾಲೂ ತಾಗಿಲ್ಲ! ಅಷ್ಟು ಚೆನ್ನಾಗಿತ್ತು ಕಣೋ ತಿಪ್ಪಾ! ಅಷ್ಟು ಚೆನ್ನಾಗಿತ್ತು!’

 ಎಷ್ಟೋ ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದ ನನ್ನ ಮಾತಿಗೆ ದಾರಿ ಸಿಕ್ಕಿಬಿಟ್ಟಿತ್ತು. ಅದು ನಿಲ್ಲಲು ಒಪ್ಪಲಿಲ್ಲ. ‘ಅದೊಂದೇ ಅಲ್ಲ, ನೀನು ಆ ಗೂಡಿನಲ್ಲಿ ಕೂತು ಬಾಯಿಬಿಟ್ರೆ ನಿನ್ನ ಆ…’ ಎಂದು ಮುಂದುವರಿದೇ ಬಿಟ್ಟೆ.

‘ಮುಚ್ಚೇ ಬಾಯಿ!’ ತಿಪ್ಪೇಶಿ ಅಟ್ಟದ ಮೇಲೆ ಎದ್ದು ನಿಂತು ಅರಚಿದ. ‘ಮುದಿಗೂಬೆ! ಬಜಾರಿ! ಇನ್ನೊಂದು ಮಾತಾಡಿದ್ರೆ ನಿನ್ನ ಹಲ್ಲು ಉದುರಿಸ್ತೀನಿ!’

ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಅವನು ಇಳಿದು ಬಂದ. ಯಾರೋ ಚೆಂಡು ತಂದಿಟ್ಟರು. ಎಡಗಾಲಿನಿಂದ ಮೆಲ್ಲಗೆ ಒಂದು ಸಲ ತಳ್ಳಿದ. ಚೆಂಡು ಮುಂದಕ್ಕೆ ಹೋಗುವುದು ಬಿಟ್ಟು ಪಕ್ಕಕ್ಕೆ ಉರುಳಿ, ಗುಂಡಯ್ಯನ ಚಪ್ಪಲಿಗೆ ತಾಗಿ ನಿಂತಿತು. ತಿಪ್ಪೇಶಿ ಆ ಚೆಂಡನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ, ಸೀದಾ ಕುಂಟುತ್ತಾ ಹೋಗಿ ಏಣಿ ಹತ್ತಿದ.

ಫೈನಲ್ ಸೋತೆವು. ಅಂತಿಂಥ ಸೋಲಲ್ಲ, ಮಣ್ಣು ಮುಕ್ಕಿದ ಸೋಲು. ಆ ಸಂಜೆಯಿಂದ ನನಗೆ ಶಿಕ್ಷೆ ಶುರುವಾಯಿತು. ಬೇರೆ ಹೋಟೆಲಿಲ್ಲ, ಆದ್ದರಿಂದ ಜನ ಬರುತ್ತಿದ್ದರು. ಆದರೆ ಬೈಯುತ್ತಿರಲಿಲ್ಲ. ಮೌನವಾಗಿ ತಿಂದು, ‘ಹುಚ್ಚಮ್ಮನವರೇ, ಸ್ವಲ್ಪ ನೀರು ಕೊಡ್ತೀರಾ?’ ಎಂದು ಬಹುವಚನದಲ್ಲಿ ಕೇಳಿ, ಕೈತೊಳೆದು ಹೋಗುತ್ತಿದ್ದರು. ನನ್ನನ್ನು ‘ಲೇ’ ಎಂದು ಕರೆದೇ ಬೆಳೆದ ಗುಂಡಯ್ಯ ‘ನಮಸ್ಕಾರ’ ಎಂದ ದಿನ ನಾನು ಒಲೆಯ ಮುಂದೆ ಕೂತು ಅತ್ತೆ. ಮನಸಾರೆ ಹೊಗಳಿಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಇಡ್ಲಿ ಹೋಗುತ್ತಿತ್ತು, ಮಣಿಕಟ್ಟಿನ ನೋವೂ ಹೋಗುತ್ತಿತ್ತು.

ತಿಪ್ಪೇಶಿಯೂ ಬರಲಿಲ್ಲ. ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬಂದು ಏನು ಹೇಳಿಯಾನು ಎಂದು ನನಗೇ ನಾನು ಸಮಾಧಾನ ಹೇಳಿಕೊಂಡೆ. ಉಪಕಾರ ಆಯಿತು ಎನ್ನಲು ಹೋದರೆ ಬಾಯಿ ಎಲ್ಲಿ ಹೊಗಳಿಕೆಗೆ ಜಾರುತ್ತದೋ ಎಂದು ಹೆದರಿರಬೇಕು. ಅಥವಾ ಕಾಲು ಕಳೆದುಕೊಂಡ ಸಂಕಟಕ್ಕೆ ನನ್ನ ಮುಖ ನೋಡುವುದು ಬೇಡವಾಗಿರಬೇಕು. ಒಂದು ತಟ್ಟೆಯನ್ನು ಅವನಿಗೆಂದು ಮುಚ್ಚಿಡುತ್ತಿದ್ದೆ. ಮಧ್ಯಾಹ್ನ ತೆಗೆದು ನಾಯಿಗೆ ಹಾಕುತ್ತಿದ್ದೆ. ಆ ನಾಯಿಯೂ ತಿಂದು ಬಾಲ ಅಲ್ಲಾಡಿಸದೆ ಹೋಗುತ್ತಿತ್ತು.

ಹೊಸ ಟೂರ್ನಿಯ ಮೊದಲ ಪಂದ್ಯದ ದಿನ ಮೈದಾನ ತುಂಬಿ, ಜಾಗ ಸಿಗದವರೆಲ್ಲ ನನ್ನ ಹೋಟೆಲಿಗೆ ನುಗ್ಗಿ ರೇಡಿಯೋ ಸುತ್ತ ಕೂತಿದ್ದರು. ಗುಂಡಯ್ಯನೂ ಇದ್ದ, ಬಹಳ ಮರ್ಯಾದೆಯಿಂದ. ನಾನು ಒಲೆಯ ಮೇಲಿನ ಇಡ್ಲಿ ಪಾತ್ರೆ ಇಳಿಸುತ್ತಿದ್ದೆ. ಅರ್ಧ ಆಟ ಮುಗಿದು ಬಿಡುವಾಯಿತು. ಬಿಡುವಿನಲ್ಲಿ ಹಾಡು ಹಾಕುವುದು ರೂಢಿ. ಹಾಡು ಬರಲಿಲ್ಲ. ಅವನೇ ಮಾತಾಡಿದ.

‘ಶ್ರೋತೃಗಳೇ, ಗೂಡಿನಿಂದ ನೋಡಿದ್ರೆ ಗೇಟಿನ ಎದುರು ಹೊಗೆ ಕಾಣ್ತಿದೆ. ಹುಚ್ಚಕ್ಕನ ಇಡ್ಲಿ ಬೇಯ್ತಿದೆ. ಆ ಇಡ್ಲಿ ಬಗ್ಗೆ ಇವತ್ತು ನಾನು ಮನಸ್ಸು ಬಿಚ್ಚಿ ಒಂದು ಮಾತು ಹೇಳ್ಬೇಕು ಅಂತಿದ್ದೀನಿ.’

ಹೋಟೆಲಿನಲ್ಲಿ ಎತ್ತಿದ ಕೈ ಎತ್ತಿದಲ್ಲೇ ನಿಂತಿತು.  ನಾನು ಅವನ ಕಾಲು ತೆಗೆದೆ. ಅವನು ನನ್ನ ಕೈ ತೆಗೆಯುತ್ತಾನೆ. ಸೇಡೋ, ಋಣವೋ, ಯಾವುದಾದರೂ ಆಗಲಿ, ನ್ಯಾಯವಾಗಿಯೇ ಇತ್ತು. ಗುಂಡಯ್ಯ ಹಾರಿಬಿದ್ದು ರೇಡಿಯೋ ಆರಿಸಲು ಹೋದ. ‘ಬಿಡಿ ಗುಂಡಯ್ಯನವರೇ,’ ಎಂದೆ, ಸೆರಗಿನಿಂದ ಮಣಿಕಟ್ಟು ಒರೆಸಿಕೊಳ್ಳುತ್ತಾ. ‘ಹೇಳ್ಲಿ. ಸಾಕಾಗಿದೆ ನನಗೂ.’

‘ಈ ಜನ್ಮದಲ್ಲಿ ನಾನು ಬೇಕಾದಷ್ಟು ಹಾಳುಮೂಳು ತಿಂದಿದ್ದೀನಿ,’ ಎಂದ ತಿಪ್ಪೇಶಿ. ಒಂದು ಕ್ಷಣ ತಡೆದ. ‘ಆದ್ರೆ ಹುಚ್ಚಕ್ಕನ ಇಡ್ಲಿ ಇದ್ಯಲ್ಲ, ಅದು ಇಡ್ಲಿ ಅಲ್ಲ ಸ್ವಾಮಿ, ಅನಾಹುತ! ಒಂದು ಇಡ್ಲಿ ಕೆಳಗೆ ಬಿದ್ದು ಒಬ್ಬನ ಕಾಲು ಹೆಬ್ಬೆರಳು ಜಜ್ಜಿಹೋಗಿದ್ದು ನಾನೇ ನೋಡಿದ್ದೀನಿ. ಸಾಂಬಾರೋ, ಬಟ್ಟೆ ನೆನೆಸಿದ ನೀರು! ಇಷ್ಟು ದಿನ ದೂರ ಇದ್ದು ನೋಡಿದೆ, ಹೊಟ್ಟೆ ಸರಿಹೋಗುತ್ತೇನೋ ಅಂತ. ಆ ಮುದುಕಿ ಶನಿಯ ಹಾಗೆ ಹೆಗಲು ಹತ್ತಿದ್ದಾಳೆ, ಬಿಡ್ತಿಲ್ಲ. ಅವಳ ಒಲೆಗೆ ಸಿಡಿಲು ಬಡೀಲಿ! ಅವಳ ಒರಳು ಮುರಿದು ಬೀಳ್ಲಿ! ಆಟ ಮುಗಿದ ಕೂಡ್ಲೇ ಬರ್ತಿದ್ದೀನಿ ಕಣೇ ಹುಚ್ಚಿ, ಆ ಕಲ್ಲುಗಳನ್ನ ನನಗೆ ಎತ್ತಿಟ್ಟಿರು!’

 ಗುಂಡಯ್ಯ ಕೈಯಲ್ಲಿದ್ದ ತಟ್ಟೆಯನ್ನು ಮೇಜಿಗೆ ಕುಟ್ಟಿ, ‘ಥೂ ನಿನ್ನ! ಇದನ್ನ ತಿಂದು ಯಾವನು ಬದುಕ್ತಾನೆ? ಹಾಕೇ ಇನ್ನೊಂದೆರಡು, ಕಂತ್ರಿ!’ ಎಂದು ಗರ್ಜಿಸಿದ. ಅವನ ಕಣ್ಣಲ್ಲಿ ನೀರಿತ್ತು. ಮೂಲೆಯಿಂದ ಒಬ್ಬ ಸಾಂಬಾರಿಗೆ ಶಾಪ ಹಾಕಿದ, ಇನ್ನೊಬ್ಬ ಚಟ್ನಿಯ ವಂಶ ಎತ್ತಿದ, ಅಷ್ಟು ದಿನದ ಬಾಕಿಯನ್ನೆಲ್ಲ ಊರು ಒಂದೇ ಉಸಿರಿಗೆ ತೀರಿಸತೊಡಗಿತು. ಹಾಳಾದವನು, ನನ್ನನ್ನು ಬಿಡಿಸಲಿಲ್ಲ. ಸಾಯುವ ತನಕ ರುಬ್ಬುವ ಹಾಗೆ ಮಾಡಿದ.

ರೇಡಿಯೋದಲ್ಲಿ ಅವನು ಇನ್ನೂ ನನ್ನನ್ನು ಬೈಯುತ್ತಲೇ ಇದ್ದ. ಕೇಳುತ್ತಾ ಕೇಳುತ್ತಾ ನನಗೆ ಒಳಗಿನಿಂದ ಆ ಮಾತು ಉಕ್ಕಿಕೊಂಡು ಬಂತು, ಅವತ್ತು ಅಟ್ಟದ ಮುಂದೆ ಅರ್ಧಕ್ಕೆ ನಿಂತಿದ್ದ ಮಾತು. ನಾಲಿಗೆಯ ತುದಿಗೇ ಬಂದು ನಿಂತಿತು, ತುಟಿ ತೆರೆಯಿತು. ಬೇರೆ ದಾರಿ ಕಾಣದೆ ಪಾತ್ರೆಯಿಂದ ಒಂದು ಸುಡುಸುಡುವ ಇಡ್ಲಿ ಎಬ್ಬಿಸಿ ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ಧಾರಾಕಾರ ನೀರು ಸುರಿಯಿತು. ಎಲ್ಲರೂ ಬಿಸಿಗೆ ಅಂದುಕೊಂಡರು.

ಬಡಿಸುವುದರಲ್ಲೇ ಆಯುಸ್ಸು ಕಳೆದವಳು ನಾನು. ನನ್ನ ಇಡ್ಲಿಯನ್ನು ಬಿಸಿಬಿಸಿಯಾಗಿ ಬಾಯಿಗಿಟ್ಟದ್ದು ಅದೇ ಮೊದಲು. ಮೆಲ್ಲಗೆ ಅಗಿದು ನೋಡಿದೆ. ದೇವರು ದೊಡ್ಡವನು, ಬಹಳ ಕೆಟ್ಟದಾಗಿತ್ತು.